ಅಸೂಯೆಗೆ ಪ್ರೀತಿಯೇ ಉತ್ತರ: ಸಂತ ಜೋಸೆಫ್ ವಾಜ್‌ರು ನಮ್ಮ ಕರಾವಳಿಯಲ್ಲಿ ತೋರಿದ ದಾರಿ



ಅಂಕೋಲಾದಿಂದ ಯಲ್ಲಾಪುರಕ್ಕೆ ಅರಬೈಲ್ ಘಟ್ಟ ಹತ್ತುವವರಿಗೆ ಒಂದು ಮಾತು ಗೊತ್ತಿದೆ. ತಿರುವಿನಲ್ಲಿ ಎದುರುಬದುರಾದ ಎರಡು ಲಾರಿಗಳ ಚಾಲಕರು ದಾರಿ ಬಿಡದೆ ಹಟ ಹಿಡಿದರೆ ಇಬ್ಬರೂ ಮುಂದೆ ಹೋಗುವುದಿಲ್ಲ, ಹಿಂದಿರುವವರೂ ನಿಲ್ಲಬೇಕಾಗುತ್ತದೆ. ನಮ್ಮ ಧರ್ಮಕೇಂದ್ರಗಳ ಅನೇಕ ಜಗಳಗಳೂ ಹೀಗೆಯೇ. ಪಕ್ಕದ ಮನೆಯವರ ಅಡಿಕೆ ತೋಟ ಚೆನ್ನಾಗಿ ಫಲ ಕೊಟ್ಟಿತು, ಅವರ ಮಗನಿಗೆ ಒಳ್ಳೆಯ ಕೆಲಸ ಸಿಕ್ಕಿತು, ಪಾಲನಾ ಸಮಿತಿಗೆ ನಮ್ಮನ್ನು ಬಿಟ್ಟು ಅವರನ್ನು ಆರಿಸಿದರು ಎಂಬಲ್ಲಿಂದ ಶುರುವಾದ ಅಸೂಯೆ ಕೊನೆಗೆ ಬಲಿಪೂಜೆಯಲ್ಲಿ ಒಂದೇ ಬೆಂಚಿನಲ್ಲಿ ಕೂರಲಾಗದಷ್ಟು ಬೆಳೆಯುತ್ತದೆ.

ಪವಿತ್ರ ಬೈಬಲ್ ಏನು ಹೇಳುತ್ತದೆ?

ಬೈಬಲ್ ಅಸೂಯೆಯನ್ನು ಸಣ್ಣ ದೋಷವೆಂದು ಎಣಿಸುವುದಿಲ್ಲ. ಮೊದಲ ಕೊಲೆಗೆ ಕಾರಣವಾದದ್ದೇ ತಮ್ಮನ ಕಾಣಿಕೆಯ ಮೇಲೆ ಕಾಯಿನನಿಗೆ ಬಂದ ಹೊಟ್ಟೆಕಿಚ್ಚು (ಆದಿಕಾಂಡ 4). ಯೋಸೇಫನನ್ನು ಮಾರಿದವರು ಅವನ ಸ್ವಂತ ಅಣ್ಣಂದಿರು. ಜನ ದಾವೀದನನ್ನು ಹೊಗಳಿದ ದಿನದಿಂದ ಅರಸ ಸೌಲನ ಕಣ್ಣು ಅವನ ಮೇಲೆ ಬಿತ್ತು (1 ಸಮುವೇಲ 18). ಮುಖ್ಯಯಾಜಕರು ಯೇಸುವನ್ನು ಒಪ್ಪಿಸಿದ್ದು ಅಸೂಯೆಯಿಂದಲೇ ಎಂಬುದು ಪಿಲಾತನಿಗೂ ತಿಳಿದಿತ್ತು ಎನ್ನುತ್ತಾರೆ ಸಂತ ಮಾರ್ಕರು (15:10). ಆದರೆ ಯೋಸೇಫನು ಅಣ್ಣಂದಿರಿಗೆ ಅನ್ನ ಕೊಟ್ಟ. ದಾವೀದನು ಕೈಗೆ ಸಿಕ್ಕ ಸೌಲನನ್ನು ಕೊಲ್ಲದೆ ಬಿಟ್ಟ. ಪ್ರಭು ಯೇಸು ಶಿಲುಬೆಯ ಮೇಲಿಂದ ವೈರಿಗಳಿಗಾಗಿ ಪ್ರಾರ್ಥಿಸಿದರು.

ನಮ್ಮ ಕರಾವಳಿಯ ಸಾಕ್ಷಿ

ಇದೆಲ್ಲ ಬೈಬಲಿನ ಕಾಲಕ್ಕೆ ಮುಗಿದ ಮಾತಲ್ಲ. ಈ ಘಟ್ಟದ ಕೆಳಗಿನ ಕರಾವಳಿಯಲ್ಲೇ ಇದನ್ನು ಬಾಳಿ ತೋರಿಸಿದವರು ಸಂತ ಜೋಸೆಫ್ ವಾಜ್. ಅವರು 1651ರ ಏಪ್ರಿಲ್ 21ರಂದು ಗೋವಾದ ಬೆನಾವ್ಲಿಮ್‌ನಲ್ಲಿ ಹುಟ್ಟಿದರು. 1676ರಲ್ಲಿ ಗುರುದೀಕ್ಷೆ ಪಡೆದು, 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಸಲ್ಲಿಸಿದರು. ಆಗ ಇಲ್ಲಿ ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆ.

ಅವರಿಗೆ ಎದುರಾದದ್ದು ಹೊರಗಿನ ವೈರಿಗಳಿಗಿಂತ ಮೊದಲು ಶ್ರೀಸಭೆಯ ಒಳಗಿನ ಜಗಳ. ಈ ಕ್ರೈಸ್ತರು ಯಾರ ಅಧಿಕಾರಕ್ಕೆ ಸೇರಿದವರು ಎಂಬುದೇ ವಿವಾದವಾಗಿತ್ತು. ಪೋರ್ಚುಗಲ್ ರಾಜರಿಗಿದ್ದ 'ಪದ್ರುವಾದೊ' ಹಕ್ಕಿನಂತೆ ತಮಗೇ ಸೇರಿದವರು ಎಂದು ಗೋವಾದವರು ಹೇಳುತ್ತಿದ್ದರು. ರೋಮ್ 1622ರಲ್ಲಿ ಸ್ಥಾಪಿಸಿದ್ದ 'ಪ್ರೊಪಗಾಂಡ ಫೀದೆ'ಯ ಕಡೆಯಿಂದ ನೇಮಕಗೊಂಡಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ತಮ್ಮ ಅಧಿಕಾರ ಸಾಧಿಸುತ್ತಿದ್ದರು. ಗುರುಗಳು ಎರಡು ಪಕ್ಷವಾಗಿದ್ದರು. ಯಾರಿಂದ ಸಂಸ್ಕಾರ ಪಡೆದರೆ ಸರಿ ಎಂದು ತಿಳಿಯದೆ ಬಡ ಭಕ್ತರು ಕಂಗೆಟ್ಟಿದ್ದರು.

ವಾಜ್‌ರು ಗೋವಾದ ಪರವಾಗಿ ಬಂದವರು. ಎದುರು ಪಕ್ಷವನ್ನು ದೂರಿದ್ದರೆ ತಮ್ಮವರಿಂದ ಮೆಚ್ಚುಗೆ ಸಿಗುತ್ತಿತ್ತು. ಅವರು ಮಾಡಿದ್ದು ಬೇರೆ. ನೇರವಾಗಿ ಧರ್ಮಾಧ್ಯಕ್ಷರ ಬಳಿಗೆ ಹೋಗಿ ಮಾತಾಡಿದರು. ಅವರ ನೇಮಕದ ಪತ್ರವನ್ನು ನೋಡಿದರು. ಜನರಿಗೆ ತೊಂದರೆಯಾಗದಂತೆ ತಾತ್ಕಾಲಿಕ ಒಪ್ಪಂದಕ್ಕೆ ಬಂದರು. ಇದು ಗೋವಾದ ಮೇಲಧಿಕಾರಿಗಳಿಗೆ ಹಿಡಿಸಲಿಲ್ಲ. ಆಗಲೂ ಅವರು ವಿಧೇಯತೆಯನ್ನು ಬಿಡಲಿಲ್ಲ, ಸತ್ಯವನ್ನೂ ಮುಚ್ಚಿಡಲಿಲ್ಲ. ಪತ್ರಗಳ ಮೂಲಕ ವಿನಯದಿಂದ ಸಮಾಧಾನದ ದಾರಿಯನ್ನೇ ಕೇಳಿದರು. ಈ ನಡುವೆ ದೇವಾಲಯಗಳನ್ನು ದುರಸ್ತಿ ಮಾಡಿಸಿದರು, ಸಣ್ಣ ಶಾಲೆಗಳನ್ನು ತೆರೆದರು, ಸೆರೆಯಾಳಾಗಿದ್ದ ಕ್ರೈಸ್ತರನ್ನು ಬಿಡಿಸಿದರು.

ಅವರ ಮೇಲೆ ಅಸೂಯೆಪಟ್ಟ ಕೆಲವರು ರೋಗಿಯೊಬ್ಬರ ನೆಪ ಹೇಳಿ ರಾತ್ರಿ ಅವರನ್ನು ಗುಡ್ಡಕ್ಕೆ ಕರೆದೊಯ್ದು ಕೊಲ್ಲಲು ನೋಡಿದರೆಂದು, ಅವರು ಪ್ರಾರ್ಥಿಸಿದ ಸ್ಥಳದಲ್ಲಿ ನೀರಿನ ಒರತೆ ಚಿಮ್ಮಿತೆಂದು ಭಕ್ತರ ಪರಂಪರೆ ಹೇಳುತ್ತದೆ. ಮಂಗಳೂರು ಬಳಿಯ ಮುಡಿಪು ಪುಣ್ಯಕ್ಷೇತ್ರಕ್ಕೆ ಜನ ಇಂದಿಗೂ ಹೋಗುವುದು ಈ ನೆನಪಿನಿಂದಲೇ.

1687ರಲ್ಲಿ ಅವರು ಶ್ರೀಲಂಕಾಕ್ಕೆ ಹೋದರು. ಪೋರ್ಚುಗೀಸರ ಗೂಢಚಾರನೆಂಬ ಸುಳ್ಳು ದೂರಿನ ಮೇಲೆ 1692ರಲ್ಲಿ ಕ್ಯಾಂಡಿಯಲ್ಲಿ ಸೆರೆಯಾದರು. ಅದೇ ಕ್ಯಾಂಡಿಯಲ್ಲಿ 1697ರಲ್ಲಿ ಸಿಡುಬು ಹಬ್ಬಿದಾಗ, ಸ್ವಂತ ಮನೆಯವರೇ ಬಿಟ್ಟುಹೋದ ರೋಗಿಗಳನ್ನು ಮತಭೇದ ಎಣಿಸದೆ ಆರೈಕೆ ಮಾಡಿದರು. 1711ರ ಜನವರಿ 16ರಂದು ಅಲ್ಲೇ ನಿಧನರಾದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್‌ರವರು ಕೊಲಂಬೋದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ನಾವು ಮಾಡಬಹುದಾದದ್ದು

1. ಮೊದಲು ನಮ್ಮನ್ನೇ ಪರೀಕ್ಷಿಸಿಕೊಳ್ಳೋಣ. ಅಸೂಯೆ ಮೂಲಪಾಪಗಳಲ್ಲಿ ಅಲ್ಲ, ಏಳು ಪ್ರಧಾನ ಪಾಪಗಳಲ್ಲಿ ಒಂದು. ಅದು ಇತರ ಪಾಪಗಳನ್ನು ಹೆರುತ್ತದೆ. ಅದನ್ನು ದೀನತೆ, ಸದ್ಭಾವನೆಗಳಿಂದ ಎದುರಿಸಬೇಕೆಂದು ಶ್ರೀಸಭೆಯ ಧರ್ಮೋಪದೇಶ ಕಲಿಸುತ್ತದೆ (2538-2540). ಪಾಪನಿವೇದನೆಯಲ್ಲಿ ಇದನ್ನು ಹೆಸರಿಟ್ಟು ಹೇಳೋಣ.

2. ನೋವು ಮಾಡಿದವರ ಬಗ್ಗೆ ಊರಿಗೆಲ್ಲ ಹೇಳುವ ಮೊದಲು ಅವರ ಬಳಿ ಒಬ್ಬರೇ ಹೋಗಿ ಮಾತಾಡೋಣ (ಮತ್ತಾಯ 18:15). ಧರ್ಮೋಪದೇಶಕರು, ಸಮಿತಿ ಸದಸ್ಯರು ಒಬ್ಬರ ದೂರನ್ನು ಇನ್ನೊಬ್ಬರಿಗೆ ಮುಟ್ಟಿಸದಿರಲಿ.

3. ಮಾತು ಬಿಟ್ಟವರ ಹೆಸರು ಹೇಳಿ ದಿನಕ್ಕೊಮ್ಮೆ ಪ್ರಾರ್ಥಿಸೋಣ. ಅವರ ಮನೆಯ ಕಾಯಿಲೆ, ಸಾವು, ಮದುವೆಗೆ ಹೋಗುವುದನ್ನು ತಪ್ಪಿಸದಿರೋಣ.

4. ಈ ಪ್ರೀತಿ ನಮ್ಮವರಿಗಷ್ಟೇ ಸೀಮಿತವಲ್ಲ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದಲ್ಲಿ ಕ್ರೈಸ್ತರು, ಹಿಂದೂಗಳು, ಮುಸ್ಲಿಮರು ಮೂವರೂ ಇದ್ದಾರೆ. ಅಲ್ಲಿ ನೆರೆಯವನನ್ನು ಪ್ರೀತಿಸುವುದೆಂದರೆ ಮೂವರನ್ನೂ ಪ್ರೀತಿಸುವುದು.

5. ಪ್ರೀತಿಸುವುದೆಂದರೆ ಅನ್ಯಾಯವನ್ನು ಮುಚ್ಚಿಡುವುದಲ್ಲ. ಮನೆಯಲ್ಲಿ ಹೊಡೆತ, ಮೋಸ, ಬೆದರಿಕೆ ಇದ್ದರೆ ಗುರುಗಳಿಗೆ, ಹಿರಿಯರಿಗೆ, ಬೇಕಾದರೆ ಪೊಲೀಸರಿಗೆ ಹೇಳಲೇಬೇಕು. ದ್ವೇಷವಿಲ್ಲದೆ ಸತ್ಯ ಹೇಳುವುದೂ ಪ್ರೀತಿಯೇ.

ಘಟ್ಟದ ತಿರುವಿನಲ್ಲಿ ಯಾರಾದರೊಬ್ಬರು ಮೊದಲು ಗಾಡಿ ಹಿಂದಕ್ಕೆ ತೆಗೆದುಕೊಳ್ಳಬೇಕು. ಕ್ರೈಸ್ತರಾದ ನಾವೇ ಆ ಒಬ್ಬರಾಗೋಣ. ಸಂತ ಜೋಸೆಫ್ ವಾಜ್‌ರೇ, ನಮಗಾಗಿ ಪ್ರಾರ್ಥಿಸಿರಿ.