ಮದ್ದು ನಮ್ಮದು, ಕೇಪು ಯಾರದು?

ಕಡೂರು, ತರೀಕೆರೆ ಸೀಮೆಯ ಬೇಟೆ ಮಾತಿನ ನಾಲ್ಕು ಪದಗಳನ್ನು ಪಕ್ಕಪಕ್ಕ ಇಟ್ಟು ನೋಡಿ: ಕೋವಿ, ಮದ್ದು, ಗುಂಡು, ಕೇಪು. ಮೊದಲ ಮೂರೂ ಕನ್ನಡದ ಸ್ವಂತ ಪದಗಳು. ಕಾಯಿಲೆ ವಾಸಿಮಾಡುವ ಮದ್ದೇ ಕೋವಿಯ ಮದ್ದೂ ಆಗಿದೆ. ನಾಲ್ಕನೆಯದು ಮಾತ್ರ ಇಂಗ್ಲಿಷಿನಿಂದ ಬಂದದ್ದು. ಶಬ್ದದ ಈ ಒಂದು ವ್ಯತ್ಯಾಸದಲ್ಲಿ ಒಂದು ರಾಜಕೀಯ ಚರಿತ್ರೆ ಇದೆ ಎನ್ನುವುದು ನನ್ನ ವಾದ.

ಮದ್ದನ್ನು ಊರಿನಲ್ಲೇ ಮಾಡಬಹುದಿತ್ತು. ಮಣ್ಣನ್ನು ಸೋಸಿ ಪೆಟ್ಲುಪ್ಪು ತೆಗೆಯುವುದು ಉಪ್ಪಾರರಿಗೆ ತಿಳಿದಿತ್ತು. ಇದ್ದಿಲು ಕಾಡಿನದು, ಗಂಧಕ ಸಂತೆಯದು. ಸೀಸ ಕರಗಿಸಿ ಎರಕ ಹೊಯ್ದರೆ ಗುಂಡು. ಕಿಡಿಗೆ ಹೊತ್ತಿಸಿದ ಬತ್ತಿಯೋ ಚಕಮಕಿ ಕಲ್ಲೋ ಸಾಕು. 1830ರಲ್ಲಿ ತರೀಕೆರೆ ಪಾಳೇಗಾರ ಮನೆತನದ ರಂಗಪ್ಪ ನಾಯಕ ನಗರದ ದಂಗೆಯೊಂದಿಗೆ ಸೇರಿ ಎದ್ದಾಗ ಕೇಪು ಬ್ರಿಟಿಷ್ ಪದಾತಿಯ ಕೈಗೂ ಸಾಮಾನ್ಯವಾಗಿ ಬಂದಿರಲಿಲ್ಲ. ದಂಗೆಕೋರನ ಕಿಡಿಯೂ ಸರ್ಕಾರದ ಕಿಡಿಯೂ ಹೆಚ್ಚುಕಮ್ಮಿ ಒಂದೇ ಬಗೆಯವು.

ಕೇಪು ಇದನ್ನು ಬದಲಿಸಿತು. 1800ರಲ್ಲಿ ಎಡ್ವರ್ಡ್ ಹೋವರ್ಡ್ ಪಾದರಸದ ಫಲ್ಮಿನೇಟ್‌ನ ಗುಣವನ್ನು ವಿವರಿಸಿದ. ಪೆಟ್ಟು ಬಿದ್ದರೆ ಸಾಕು, ಅದು ಸಿಡಿಯುತ್ತದೆ. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸಿತ್, ಪೆಟ್ಟಿನಿಂದ ಸಿಡಿಯುವ ಮದ್ದಿನಿಂದ ಬಂದೂಕು ಹೊತ್ತಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ಮುಂದೆ ಅಂಥ ಮದ್ದನ್ನು ತಾಮ್ರದ ಪುಟ್ಟ ಟೋಪಿಯೊಳಗೆ ತುಂಬಿದರು. ಅದೇ ಕೇಪು. ಮಳೆಯಲ್ಲೂ ಕೋವಿ ಹಾರತೊಡಗಿತು. ಆದರೆ ಈ ಟೋಪಿಯನ್ನು ಊರ ಕಮ್ಮಾರ ಮಾಡಲಾರ. ಅದಕ್ಕೆ ರಸಾಯನಶಾಲೆ ಬೇಕು, ಕಾರ್ಖಾನೆ ಬೇಕು.

ಕಾನೂನು ಇದನ್ನು ಚೆನ್ನಾಗಿ ಅರಿತಿತ್ತು. ಬ್ರಿಟಿಷ್ ಇಂಡಿಯಾದ 1878ರ ಶಸ್ತ್ರಾಸ್ತ್ರ ಕಾಯ್ದೆ 'ಮದ್ದುಗುಂಡು' ಎಂಬುದರ ವ್ಯಾಖ್ಯೆಯಲ್ಲಿ ಕೇಪನ್ನು ಹೆಸರಿಟ್ಟು ಸೇರಿಸಿತು. ಸೀಸ, ಗಂಧಕ, ಪೆಟ್ಲುಪ್ಪುಗಳನ್ನು ಅದೇ ವ್ಯಾಖ್ಯೆಯಿಂದ ಹೊರಗಿಟ್ಟಿತು. ಊರಿನಲ್ಲಿ ಸಿಗುವುದನ್ನೆಲ್ಲ ಕಾಯುವುದು ಕಷ್ಟ. ಕಾರ್ಖಾನೆಯಿಂದಲೇ ಬರಬೇಕಾದದ್ದನ್ನು ಕಾದರೆ ಸಾಕು. ಕೊಡವರು 1861ರಲ್ಲಿ ಮಾರ್ಕ್ ಕಬ್ಬನ್‌ನಿಂದ ನಿಶ್ಶಸ್ತ್ರೀಕರಣ ಕಾಯ್ದೆಯ ವಿನಾಯಿತಿ ಪಡೆದರೂ ಕೇಪಿನ ಕೋವಿಗೆ ಕೇಪು ಬೇಕೇ ಬೇಕಿತ್ತು. ಕೋವಿ ಹಿಡಿಯುವ ಹಕ್ಕು ಬೇರೆ, ಕಿಡಿಯ ಒಡೆತನ ಬೇರೆ.

ತೋಟಾ ಬಂದಾಗ ಕೇಪು ಹಿತ್ತಾಳೆ ಕೊಳವೆಯ ಬುಡದೊಳಗೆ ಸೇರಿ 'ಪ್ರೈಮರ್' ಆಯಿತು. 1866ರಲ್ಲಿ ಎರಡು ದಾರಿಗಳು ತೆರೆದವು. ಅಮೆರಿಕದ ಹೈರಮ್ ಬರ್ಡನ್‌ನ ಮಾದರಿಯಲ್ಲಿ ಪ್ರೈಮರಿನ ಅಡಿಗಲ್ಲು ತೋಟಾದ ಭಾಗವೇ. ಕಿಡಿ ಹೋಗಲು ಸಾಮಾನ್ಯವಾಗಿ ಎರಡು ಸಣ್ಣ ತೂತು. ಇಂಗ್ಲೆಂಡಿನ ಎಡ್ವರ್ಡ್ ಬಾಕ್ಸರ್‌ನ ಮಾದರಿಯಲ್ಲಿ ಅಡಿಗಲ್ಲು ಪ್ರೈಮರಿನೊಳಗೇ ಇದೆ. ನಡುವೆ ಒಂದೇ ತೂತು, ಒಳಗಿನಿಂದ ಮೊಳೆಯಿಂದ ಒತ್ತಿದರೆ ಹಳೆಯ ಪ್ರೈಮರ್ ಹೊರಬರುತ್ತದೆ. ವಿಚಿತ್ರವೆಂದರೆ ಬ್ರಿಟಿಷ್ ಸೈನ್ಯದ .303 ತೋಟಾ ಅಮೆರಿಕನ್ನನ ಮಾದರಿ ಹಿಡಿಯಿತು, ಅಮೆರಿಕನ್ನರು ಇಂಗ್ಲಿಷಿನವನದನ್ನು. ಹಾಗಾಗಿ ಖಾಲಿ ತೋಟಾಕ್ಕೆ ಮನೆಯಲ್ಲೇ ಮತ್ತೆ ಮದ್ದು ತುಂಬುವ ಹವ್ಯಾಸ ಅಮೆರಿಕದಲ್ಲಿ ಸುಲಭವಾಗಿ ಬೆಳೆಯಿತು. .303ರ ಖಾಲಿ ತೋಟಾವನ್ನು ಮತ್ತೆ ತುಂಬುವುದು ಅಷ್ಟು ಸಲೀಸಲ್ಲ.

ಆ ಹವ್ಯಾಸಿಗಳ ಮುಂದಿನ ಪ್ರಶ್ನೆಯೇ ದೊಡ್ಡ ಪ್ರೈಮರೋ ಚಿಕ್ಕದೋ ಎಂಬುದು. ರೈಫಲ್ಲಿನ ದೊಡ್ಡ ಪ್ರೈಮರಿನ ಅಡ್ಡಳತೆ 0.210 ಇಂಚು, ಚಿಕ್ಕದರದು 0.175. ಬಹುಪಾಲು ತೋಟಾಗಳಲ್ಲಿ ಆಯ್ಕೆಯೇ ಇಲ್ಲ. ಬುಡದ ಗುಳಿಯ ಅಳತೆಯೇ ಹೇಳುತ್ತದೆ. ಯಗಟಿಯ ಬಯಲಿನಿಂದ ಪಶ್ಚಿಮಕ್ಕೆ, ಕಡೂರು ತಾಲ್ಲೂಕಿನ ಕಾಡಿನಂಚಿನಲ್ಲಿ ಎಮ್ಮೆದೊಡ್ಡಿ ಇದೆ. ಅಲ್ಲಿನ ನರಭಕ್ಷಕ ಹುಲಿಯ ಕಥೆಯನ್ನು ಕೆನೆತ್ ಆಂಡರ್ಸನ್ 1954ರ ತನ್ನ ಮೊದಲ ಪುಸ್ತಕದಲ್ಲಿ ಬರೆದಿದ್ದಾನೆ. ಅವನ ಕಥೆಗಳನ್ನು ತೇಜಸ್ವಿ ಕನ್ನಡಕ್ಕೆ ತಂದದ್ದು ನಮಗೆಲ್ಲ ಗೊತ್ತು. ಅವನ ನೆಚ್ಚಿನ .405 ವಿಂಚೆಸ್ಟರ್‌ನದು ದೊಡ್ಡ ಪ್ರೈಮರ್. ಹೆಚ್ಚು ಮದ್ದನ್ನು ಹೊತ್ತಿಸಲು ದೊಡ್ಡ ಕಿಡಿ.

ಆಯ್ಕೆ ಇರುವುದು .308, 6.5 ಕ್ರೀಡ್‌ಮೋರ್‌ನಂಥ ಕೆಲವಕ್ಕೆ. ಅವುಗಳ ಖಾಲಿ ತೋಟಾ ಎರಡೂ ಅಳತೆಯಲ್ಲಿ ಸಿಗುತ್ತದೆ. ಗುಳಿ ಚಿಕ್ಕದಾದರೆ ಸುತ್ತಲೂ ಹಿತ್ತಾಳೆ ಹೆಚ್ಚು ಉಳಿದು, ಒತ್ತಡಕ್ಕೆ ಬೇಗ ಸಡಿಲವಾಗುವುದಿಲ್ಲ. ಹದವಾದ ಕಿಡಿಯಿಂದ ಗುಂಡಿನ ವೇಗವೂ ಸಮನಾಗಿರುತ್ತದೆಂದು ಗುರಿಕಾರರು ಮೆಚ್ಚುತ್ತಾರೆ. 1970ರ ದಶಕದಲ್ಲಿ ಪಾಲ್ಮಿಸಾನೊ ಮತ್ತು ಪಿಂಡೆಲ್ ರೂಪಿಸಿದ ಪಿಪಿಸಿ ತೋಟಾಗಳು ಗುರಿ ಸ್ಪರ್ಧೆಗಳಲ್ಲಿ ಈ ಚಿಕ್ಕ ಗುಳಿಗೆ ಮಾನ ತಂದವು. ಆದರೆ ಕೊರೆಯುವ ಚಳಿಯಲ್ಲಿ, ನಿಧಾನವಾಗಿ ಉರಿಯುವ ಮದ್ದಿಗೆ ಚಿಕ್ಕ ಕಿಡಿ ಸಾಲದೆ ಈಡು ತಡವಾಗಬಹುದು, ಹುಸಿಯಾಗಬಹುದು. ಅಲ್ಲಿ ದೊಡ್ಡದೇ ಲೇಸು.

ಈ ಸೂಕ್ಷ್ಮ ಆಯ್ಕೆ ನಮ್ಮ ಕೋವಿಯ ಚರಿತ್ರೆಯಲ್ಲಿ ಕಾಣುವುದಿಲ್ಲ. ಸ್ವತಂತ್ರ ಭಾರತದ 1959ರ ಕಾಯ್ದೆಯೂ ತೋಟಾದ ಬಿಡಿಭಾಗಗಳನ್ನು ಮದ್ದುಗುಂಡೆಂದೇ ಎಣಿಸಿತು. 1972ರ ವನ್ಯಜೀವಿ ಕಾಯ್ದೆ ಬೇಟೆಯ ಕಾಲವನ್ನೇ ಮುಗಿಸುತ್ತ ಬಂತು. ಎಮ್ಮೆದೊಡ್ಡಿಯ ಹುಲಿಯನ್ನು ನೆನೆದರೆ ಅದಕ್ಕಾಗಿ ಮರುಗಬೇಕೆಂದು ನನಗೆ ಅನ್ನಿಸುವುದಿಲ್ಲ. ಆದರೆ ನಿಶ್ಶಸ್ತ್ರೀಕರಣದ ಚರಿತ್ರೆ ಬರೆಯುವಾಗ ನಾವು ಜಪ್ತಿಯಾದ ಕೋವಿಗಳನ್ನಷ್ಟೇ ಎಣಿಸುತ್ತೇವೆ. ಕೋವಿ ಮನೆಯ ಅಟ್ಟದಲ್ಲೇ ಇದ್ದು, ಕೇಪು ಸಿಗದೆ ಸುಮ್ಮನಾಗಿದ್ದರೆ? ಅಂಥ ಮೌನ ಜಪ್ತಿಯ ಪಟ್ಟಿಯಲ್ಲಿ ಸಿಗುವುದಿಲ್ಲ. ಅದರ ಸುಳಿವಿಗೆ ಕೇಪಿನಂಥ ಎರವಲು ಪದವೊಂದರ ಬೆನ್ನು ಹತ್ತಬೇಕಾಗುತ್ತದೆ.