ನಿರ್ಜನ ನೌಕೆಯ ಭೂತ

ಕಥೆಗಾರರು ಆಕಾಶನೌಕೆಗಳಲ್ಲಿ ಭೂತಗಳನ್ನು ಕಾಣುವುದಕ್ಕೆ ಬಹು ಪೂರ್ವದಲ್ಲಿಯೇ ಸಮುದ್ರದ ಹಡಗುಗಳಲ್ಲಿ ಅವನ್ನು ಕಂಡಿದ್ದರು. ಅಂತಹವುಗಳಲ್ಲಿ ‘ಮೇರಿ ಸೆಲೆಸ್ಟ್’ ಎಂಬುದು ಸುಪ್ರಸಿದ್ಧವಾದುದು. 1872ನೆಯ ಇಸವಿ ನವೆಂಬರ್ 7ರಂದು ಈ ಹಡಗು 1,701 ಪೀಪಾಯಿ ಮದ್ಯಸಾರವನ್ನು ಹೇರಿಕೊಂಡು ನ್ಯೂಯಾರ್ಕಿನಿಂದ ಇಟಲಿಯ ಜಿನೋವಾ ನಗರಕ್ಕೆ ಹೊರಟಿತು. ನಾಯಕನಾದ ಬೆಂಜಮಿನ್ ಬ್ರಿಗ್ಸನು, ಆತನ ಪತ್ನಿ, ಎರಡು ವರ್ಷದ ಮಗಳು, ಏಳು ಮಂದಿ ನಾವಿಕರು, ಹೀಗೆ ಹತ್ತು ಜನರು ಅದರಲ್ಲಿದ್ದರು. ಡಿಸೆಂಬರ್ ಮೊದಲ ವಾರದಲ್ಲಿ ಬೇರೊಂದು ಹಡಗಿನವರು ಅಟ್ಲಾಂಟಿಕ್ ಸಾಗರದಲ್ಲಿ ಅದನ್ನು ಕಂಡು ಒಳಹೊಕ್ಕಾಗ ಒಂದು ನರಪ್ರಾಣಿಯೂ ಇರಲಿಲ್ಲ. ಅನ್ನಪಾನಗಳು ಯಥೇಷ್ಟವಾಗಿದ್ದುವು; ದೋಣಿಯು ಮಾತ್ರ ಕಾಣೆಯಾಗಿತ್ತು.

ಈ ದೋಣಿಯ ಅಭಾವವೇ ಮುಖ್ಯ ಸಾಕ್ಷ್ಯವು. ಮದ್ಯಸಾರದ ಆವಿಯು ಸಿಡಿದೀತೆಂಬ ಭಯದಿಂದ ಅವರು ದೋಣಿಗೆ ಇಳಿದಿರಬೇಕೆಂದು ಕೆಲವರು ಊಹಿಸುತ್ತಾರೆ. ಆದರೆ 1884ರಲ್ಲಿ ಕೋನನ್ ಡಾಯ್ಲನು ಇದನ್ನಾಧರಿಸಿ ಬರೆದ ಕಲ್ಪಿತ ಕಥೆಯಲ್ಲಿ ದೋಣಿಗಳೆಲ್ಲ ಸ್ವಸ್ಥಾನದಲ್ಲಿಯೇ ಇದ್ದುವು! ದೋಣಿಯು ಹಿಂದಿರುಗಿದೊಡನೆ ಜನರು ಹೋದ ಮಾರ್ಗವು ಅಳಿಸಿಹೋಗಿ, ಆ ಸ್ಥಳದಲ್ಲಿ ಭೂತವು ನೆಲಸಿತು. 1965ರಲ್ಲಿ ಆಂಗ್ಲರ ‘ಡಾಕ್ಟರ್ ಹೂ’ ಎಂಬ ದೂರದರ್ಶನ ಕಥೆಯು ಲೋಕಾಂತರದ ಯಂತ್ರಜೀವಿಗಳನ್ನೇ ಈ ಹಡಗಿಗೆ ಹತ್ತಿಸಿತು.

ಭೂತವು ಚಿರಂಜೀವಿಯಾಯಿತು. ಶಿಶುವಿನೊಡನೆ ದೋಣಿಯನ್ನೇರಿದ ಆ ಹತ್ತು ಜನರಾದರೋ ಮರೆತುಹೋದರು.