ಕಸಾಂಡ್ರಾಳ ಪರವಾಗಿ ಯಾರು?

ಕ್ರಿಸ್ತಪೂರ್ವ 458ರಲ್ಲಿ ಅಥೆನ್ಸಿನಲ್ಲಿ ಆಡಿದ ಮೂರು ನಾಟಕಗಳ ಬಗ್ಗೆ ಬರೀಬೇಕು ಅನ್ನಿಸಿದೆ. ಒಟ್ಟು ಹೆಸರು 'ಒರೆಸ್ಟಿಯಾ'. ಬರೆದವನು ಈಸ್ಕಿಲಸ್. ಇವನದೇ ಇನ್ನೊಂದು ನಾಟಕವನ್ನ ಬಿಎಂಶ್ರೀ 'ಪಾರಸಿಕರು' ಅಂತ ಕನ್ನಡಕ್ಕೆ ತಂದಿದ್ದಾರೆ.

ಕಥೆ ಇಷ್ಟು. ಟ್ರಾಯ್ ಯುದ್ಧಕ್ಕೆ ಹೊರಟ ರಾಜ ಅಗಮೆಮ್ನಾನ್, ಹಡಗಿಗೆ ಗಾಳಿ ಬೇಕು ಅಂತ ಸ್ವಂತ ಮಗಳು ಇಫಿಜೀನಿಯಾಳನ್ನ ಬಲಿ ಕೊಟ್ಟ. ಹತ್ತು ವರ್ಷ ಕಾದ ಹೆಂಡತಿ ಕ್ಲೈಟೆಮ್ನೆಸ್ಟ್ರಾ, ಗೆದ್ದು ಬಂದ ಗಂಡನನ್ನ ಕೊಂದಳು. ಅಪ್ಪನ ಸೇಡಿಗೆ ಮಗ ಒರೆಸ್ಟಿಸ್ ತಾಯಿಯನ್ನೇ ಕೊಂದ. ಕೊಲ್ಲು ಅಂದದ್ದು ಅಪೊಲೋ ದೇವರು.

ಆಗ ಬರ್ತಾರೆ ಎರಿನಿಯರು, ಸೇಡಿನ ದೇವತೆಗಳು. ಕಪ್ಪು ಬಟ್ಟೆ, ತಲೆ ತುಂಬ ಹಾವು, ಕಣ್ಣಲ್ಲಿ ರಕ್ತ. ಮೊದಲು ಒರೆಸ್ಟಿಸ್‌ಗೆ ಮಾತ್ರ ಕಾಣ್ತಾರೆ, ಪಕ್ಕದಲ್ಲೇ ಇರೋ ದಾಸಿಯರಿಗೆ ಕಾಣಲ್ಲ. ಅವನ ಪಾಪಪ್ರಜ್ಞೆ ಅಷ್ಟೇ ಅಂತ ಹೇಳಿಬಿಡಬಹುದಿತ್ತು. ಆದರೆ ಮೂರನೇ ನಾಟಕದಲ್ಲಿ ಅವರು ಎಲ್ಲರ ಕಣ್ಣಿಗೂ ಬೀಳೋ ಹಾಗೆ ರಂಗದ ಮೇಲೇ ಬಂದು ನಿಲ್ತಾರೆ. ಹಂದಿ ರಕ್ತದಿಂದ ಅವನಿಗೆ ಶುದ್ಧಿ ಮಾಡಿಸಿದ್ದಾಗಿದೆ. ಇವರು ಒಪ್ಪಲ್ಲ, ವಾಸನೆ ಹಿಡಿದು ಅಥೆನ್ಸ್‌ವರೆಗೂ ಬೆನ್ನು ಹತ್ತುತ್ತಾರೆ. ನಮ್ಮ ಮೇಲೆ ಹೇರಿದ ಮೈಲಿಗೆ ಹುಟ್ಟಿನದು. ಇಲ್ಲಿ ಮೈಲಿಗೆ ಕೊಲೆ ಮಾಡಿದ ಕೈಗೆ ಅಂಟಿದೆ, ಆ ಕೈ ರಾಜಕುಮಾರನದಾದರೂ! ಕ್ರಿಸ್ತಪೂರ್ವ 408ರ ಹೊತ್ತಿಗೆ ಯೂರಿಪಿಡೀಸನ ಒರೆಸ್ಟಿಸ್, ತನ್ನ ಕಾಯಿಲೆಯೇ ಮಾಡಿದ ಘೋರದ ಅರಿವು ಅಂತಾನೆ. ನನಗೆ ಹಳೇದೇ ಸರಿ ಅನ್ನಿಸುತ್ತೆ. ಕೊಂದವನು ಒಳಗೊಳಗೇ ಕೊರಗಿದರೆ ಸತ್ತವರಿಗೇನು ಬಂತು?

ಅಥೆನಾ ದೇವತೆ ಅರಿಯೊಪೆಗಸ್ ಗುಡ್ಡದ ಮೇಲೆ ಕೋರ್ಟು ಕೂರಿಸ್ತಾಳೆ. ಅಪೊಲೋ ವಾದ ಕೇಳಿ: ತಾಯಿ ಹೆತ್ತವಳೇ ಅಲ್ಲವಂತೆ, ಗಂಡಿನ ಬೀಜ ಕಾಯೋಳಂತೆ. ಅದಕ್ಕೆ ಸಾಕ್ಷಿ, ತಾಯಿಯೇ ಇಲ್ಲದೆ ಜೀಯಸ್‌ನಿಂದ ಹುಟ್ಟಿದ ಅಥೆನಾ. ಮತ ಹಾಕೋಳೂ ಅವಳೇ! ಮತ ಸಮಸಮ, ಆರೋಪಿ ಬಿಡುಗಡೆ. ಕೆರಳಿದ ಎರಿನಿಯರಿಗೆ ನೆಲದಡಿ ನೆಲೆ, ಪೂಜೆ, ಕೆಂಪು ನಿಲುವಂಗಿ. ಸಮಾಧಾನ ಹೇಳ್ತಾ ಹೇಳ್ತಾನೇ, ಸಿಡಿಲಿಟ್ಟ ಕೋಣೆಯ ಬೀಗದಕೈ ನನಗೂ ಗೊತ್ತು ಅಂತ ಅಥೆನಾ ನೆನಪಿಸ್ತಾಳೆ. ಸೇಡು ಹೋಗಿ ಕಾನೂನು ಬಂತು ಅಂತ ಇದನ್ನ ಪಾಠ ಮಾಡ್ತಾರೆ. ಹೌದು, ಕೊಲೆಗೆ ಕೊಲೆ ಅನ್ನೋ ಸರಪಳಿ ನಿಂತಿತು. ಅದು ಸಣ್ಣದಲ್ಲ.

ಆದರೆ ಆ ಇಡೀ ವಿಚಾರಣೆಯಲ್ಲಿ ಇಫಿಜೀನಿಯಾ ಹೆಸರೇ ಬರಲ್ಲ. ಗಂಡನನ್ನ ಕೊಂದವಳ ಬೆನ್ನು ಯಾಕೆ ಹತ್ತಲಿಲ್ಲ ಅಂದರೆ ಎರಿನಿಯರು ಹೇಳೋದು, ಅವನು ಅವಳ ರಕ್ತಸಂಬಂಧಿ ಅಲ್ಲ ಅಂತ. ಅವರ ಲೆಕ್ಕಕ್ಕೂ ಎಲ್ಲ ರಕ್ತ ಬರಲ್ಲ.

ಕಸಾಂಡ್ರಾ ಟ್ರಾಯ್‌ನ ರಾಜಕುಮಾರಿ. ಯುದ್ಧದ ಲೂಟಿಯಾಗಿ, ದಾಸಿಯಾಗಿ ಬಂದವಳು. ಆ ಅರಮನೆಯಲ್ಲಿ ಬೀಡುಬಿಟ್ಟ ಎರಿನಿಯರನ್ನ ಮೊದಲು ಕಂಡವಳು ಅವಳೇ. ಒಳಗೆ ಹೋದರೆ ಸಾವು ಅಂತ ಗೊತ್ತಿದ್ದೇ ಹೋಗ್ತಾಳೆ. ಹೋಗೋ ಮುಂಚೆ ಸೂರ್ಯನನ್ನ ಬೇಡ್ಕೋತಾಳೆ: ನಾಳೆ ಸೇಡು ತೀರಿಸೋರು ಬಂದಾಗ ಈ ದಾಸಿಯ ಸಾವನ್ನೂ ಲೆಕ್ಕಕ್ಕೆ ಹಿಡೀಲಿ ಅಂತ. ಒರೆಸ್ಟಿಸ್ ಬರ್ತಾನೆ, ಅವಳ ಹೆಸರೆತ್ತಲ್ಲ. ಅಥೆನ್ಸಿನ ಕಾನೂನಲ್ಲಿ ದಾಸಿ ಕೊಲೆಯಾದರೆ ದಾವೆ ಹೂಡಬೇಕಾದವನು ಯಜಮಾನ. ಇವಳ ಯಜಮಾನ ಇವಳ ಪಕ್ಕದಲ್ಲೇ ಹೆಣವಾಗಿ ಬಿದ್ದಿದ್ದ.